ಸಾವೊ ಪಾಲೊದಲ್ಲಿ ನೆಲೆಯೂರುವುದು ಹೇಗೆ: ಹೊಸದಾಗಿ ಬರುವ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಬ್ರೆಜಿಲ್‌ನ ಸಾವೊ ಪಾಲೊ ನಗರಕ್ಕೆ ಕೆಲಸದ ಮೇಲೆ ಬರುವ ಕನ್ನಡಿಗರು ಹೊರಡುವ ಮುನ್ನ ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಬ್ಯಾಂಕ್ ಖಾತೆ ಎಷ್ಟು ದಿನಕ್ಕೆ ಸಿಗುತ್ತದೆ, ಜಾಮೀನುದಾರರಿಲ್ಲದೆ ಬಾಡಿಗೆ ಮನೆ ಸಿಗುತ್ತದೆಯೇ, ಮಿಕ್ಸಿ ತರಬಹುದೇ, ಸಸ್ಯಾಹಾರಿಗಳು ಇಲ್ಲಿ ಹೇಗೆ ಬದುಕುತ್ತಾರೆ ಎಂದು ಮತ್ತೆ ಮತ್ತೆ ಕೇಳುವವರಿಗಾಗಿ ಈ ಲೇಖನ. ಇಲ್ಲಿನ ಬದುಕು ಕಷ್ಟದ್ದಲ್ಲ, ಆದರೆ ಒಂದು ಕಾಗದ ಇನ್ನೊಂದಕ್ಕೆ ಆಧಾರವಾಗುವ ವ್ಯವಸ್ಥೆ ಇದು. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಸರಿಯಾಗಿ ಹಿಡಿದುಕೊಂಡವರಿಗೆ ಮೊದಲ ಎರಡು ತಿಂಗಳು ಸುಗಮವಾಗಿ ಸಾಗುತ್ತವೆ. ಹಂತಗಳನ್ನು ಅದೇ ಅನುಕ್ರಮದಲ್ಲಿ ಕೊಟ್ಟಿದ್ದೇನೆ.

ಹಂತ 1: ಊರು ಬಿಡುವ ಮುನ್ನ

ಮೊದಲು ನಿಮ್ಮ ಹೆಸರನ್ನು ನೋಡಿಕೊಳ್ಳಿ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ, ಹಾಗಾಗಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗ ಖಾಲಿ ಇರುತ್ತದೆ. ಬ್ರೆಜಿಲ್‌ನ ಅರ್ಜಿಗಳಾದರೋ ಹೆಸರು ಮತ್ತು ಕುಲನಾಮ ಎರಡನ್ನೂ ಕೇಳುತ್ತವೆ. ಖಾಲಿ ಜಾಗವನ್ನು ಒಂದು ಕಚೇರಿ ಒಂದು ಬಗೆಯಲ್ಲಿ ತುಂಬಿ, ಇನ್ನೊಂದು ಕಚೇರಿ ಬೇರೆ ಬಗೆಯಲ್ಲಿ ತುಂಬಿದರೆ, ಎರಡು ದಾಖಲೆಗಳು ಒಬ್ಬರವೇ ಎಂದು ಸಾಬೀತುಪಡಿಸುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಸಮಯವಿದ್ದರೆ ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್‌ನಲ್ಲಿ ಎರಡೂ ಜಾಗಗಳನ್ನು ತುಂಬಿಸಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತಲೂ ಮುಖ್ಯವಾದದ್ದು ತಾಯಿಯ ಹೆಸರು. ಬ್ರೆಜಿಲ್‌ನಲ್ಲಿ ವ್ಯಕ್ತಿಯ ಗುರುತನ್ನು ಖಚಿತಪಡಿಸಿಕೊಳ್ಳಲು ತಾಯಿಯ ಪೂರ್ಣ ಹೆಸರನ್ನು ಕೇಳುವುದು ಸಾಮಾನ್ಯ: ತೆರಿಗೆ ಇಲಾಖೆ ಕೇಳುತ್ತದೆ, ಬ್ಯಾಂಕ್ ಕೇಳುತ್ತದೆ, ಆಸ್ಪತ್ರೆಯ ಕೌಂಟರಿನಲ್ಲೂ ಕೇಳುತ್ತಾರೆ. ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ‘ಲಕ್ಷ್ಮೀದೇವಮ್ಮ’ ಎಂದಿದ್ದು ಜನನ ಪ್ರಮಾಣಪತ್ರದಲ್ಲಿ ‘ಲಕ್ಷ್ಮಮ್ಮ’ ಎಂದಿದ್ದರೆ, ಊರಿನಲ್ಲಿ ಯಾರೂ ಗಮನಿಸದ ಆ ವ್ಯತ್ಯಾಸ ಇಲ್ಲಿ ಕಡತವನ್ನು ತಡೆದು ನಿಲ್ಲಿಸಬಹುದು. ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಿ.

ಜನನ ಮತ್ತು ವಿವಾಹ ಪ್ರಮಾಣಪತ್ರಗಳಿಗೆ ರಾಜ್ಯ ಮಟ್ಟದ ದೃಢೀಕರಣ ಮಾಡಿಸಿ, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ ಹಾಕಿಸಿಕೊಳ್ಳಿ. ಅಪೊಸ್ಟೀಲ್ ಎಂದರೆ ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಮರುಪರಿಶೀಲನೆಯಿಲ್ಲದೆ ಒಪ್ಪಿಕೊಳ್ಳುವಂತೆ ಮಾಡುವ ಮುದ್ರೆ. ಭಾರತದಲ್ಲಿ 2005ರಿಂದ, ಬ್ರೆಜಿಲ್‌ನಲ್ಲಿ 2016ರಿಂದ ಈ ಒಪ್ಪಂದ ಜಾರಿಯಲ್ಲಿದೆ. ಪೋರ್ಚುಗೀಸ್ ಅನುವಾದವನ್ನು ಭಾರತದಲ್ಲಿ ಮಾಡಿಸಲು ಹೋಗಬೇಡಿ. ಇಲ್ಲಿನ ಕಚೇರಿಗಳು ಒಪ್ಪುವುದು ‘ಟ್ರಾದುತೋರ್ ಜುರಮೆಂಟಾದೊ’, ಅಂದರೆ ಬ್ರೆಜಿಲ್‌ನಲ್ಲಿ ಅಧಿಕೃತವಾಗಿ ನೋಂದಾಯಿಸಿಕೊಂಡ ಪ್ರಮಾಣಿತ ಅನುವಾದಕರ ಅನುವಾದವನ್ನು ಮಾತ್ರ. ಅಪೊಸ್ಟೀಲ್ ಮುದ್ರೆಯೂ ಅನುವಾದದಲ್ಲಿ ಸೇರಬೇಕಾಗಿರುವುದರಿಂದ ಅದು ಬಂದ ನಂತರವೇ ಅನುವಾದಕ್ಕೆ ಕೊಡಬೇಕು.

ಇನ್ನೊಂದು ಎಚ್ಚರಿಕೆ ಹಳದಿ ಜ್ವರದ ಲಸಿಕೆಯದು. ಬ್ರೆಜಿಲ್‌ಗೆ ಬರುವಾಗ ಇದನ್ನು ಯಾರೂ ಕೇಳದಿರಬಹುದು, ಆದರೆ ನೀವು ಭಾರತಕ್ಕೆ ಹಿಂದಿರುಗುವಾಗ ನಮ್ಮ ವಿಮಾನ ನಿಲ್ದಾಣದಲ್ಲಿಯೇ ಕೇಳುತ್ತಾರೆ. ಬ್ರೆಜಿಲ್‌ನಿಂದ ಬರುವವರ ಬಳಿ ಅಂತಾರಾಷ್ಟ್ರೀಯ ಲಸಿಕಾ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸುವ ಅಧಿಕಾರ ಅಲ್ಲಿನ ಆರೋಗ್ಯಾಧಿಕಾರಿಗಳಿಗಿದೆ. ದುಬೈ ಅಥವಾ ಯುರೋಪಿನಲ್ಲಿ ವಿಮಾನ ಬದಲಿಸಿದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ ಮಾನ್ಯವಾಗಿ, ಜೀವನಪರ್ಯಂತ ನಡೆಯುತ್ತದೆ. ತಂದೆತಾಯಿಗೆ ಹುಷಾರಿಲ್ಲ ಎಂಬ ಸುದ್ದಿ ಬಂದು ರಾತ್ರೋರಾತ್ರಿ ಹೊರಡಬೇಕಾದಾಗ ಆ ಹತ್ತು ದಿನಗಳ ಕಾಲಾವಕಾಶ ಸಿಗುವುದಿಲ್ಲ, ಆದ್ದರಿಂದ ಮಕ್ಕಳೂ ಸೇರಿ ಮನೆಯವರೆಲ್ಲರೂ ವೈದ್ಯರ ಸಲಹೆ ಪಡೆದು ಮೊದಲೇ ಹಾಕಿಸಿಕೊಳ್ಳಿ.

ಹಂತ 2: ಸಿಪಿಎಫ್ ಸಂಖ್ಯೆ

ಸಿಪಿಎಫ್ ಎಂಬುದು ಬ್ರೆಜಿಲ್‌ನ ತೆರಿಗೆ ಇಲಾಖೆಯಾದ ರೆಸೇಟ ಫೆಡೆರಾಲ್ ನೀಡುವ ಹನ್ನೊಂದು ಅಂಕಿಗಳ ಗುರುತಿನ ಸಂಖ್ಯೆ. ನಮ್ಮ ಪ್ಯಾನ್ ಸಂಖ್ಯೆಯ ಕೆಲಸದ ಜೊತೆಗೆ ಇನ್ನೂ ಹತ್ತು ಕೆಲಸಗಳನ್ನು ಇದು ಮಾಡುತ್ತದೆ. ಮೊಬೈಲ್ ಸಿಮ್, ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಆನ್‌ಲೈನ್ ಖರೀದಿ, ಆರೋಗ್ಯ ವಿಮೆ ಎಲ್ಲಕ್ಕೂ ಇದೇ ಬೇಕು. ಅಂಗಡಿಯಲ್ಲಿ ಬಿಲ್ ಮಾಡುವಾಗ ಕ್ಯಾಷಿಯರ್ ‘ಸೇ-ಪೇ-ಎಫಿ ನ ನೋಟ?’ ಎಂದು ಕೇಳಿದರೆ ಗಾಬರಿಯಾಗಬೇಡಿ. ಗ್ರಾಹಕರು ಬಿಲ್ ಪಡೆಯುವಂತೆ ಪ್ರೋತ್ಸಾಹಿಸಲು ಸಾವೊ ಪಾಲೊ ರಾಜ್ಯ 2007ರಲ್ಲಿ ಆರಂಭಿಸಿದ ಯೋಜನೆಯೊಂದಕ್ಕಾಗಿ ಬಿಲ್‌ನಲ್ಲಿ ಸಂಖ್ಯೆ ನಮೂದಿಸಬೇಕೇ ಎಂದು ಅವರು ಕೇಳುತ್ತಿರುತ್ತಾರೆ. ಬೇಡವೆಂದರೆ ‘ನಾವೊ, ಒಬ್ರಿಗಾದೊ’ (ಮಹಿಳೆಯರಾದರೆ ‘ಒಬ್ರಿಗಾದ’) ಎಂದರೆ ಸಾಕು.

ಭಾರತದಲ್ಲಿದ್ದಾಗಲೇ ಆನ್‌ಲೈನ್ ಮೂಲಕ ಇದಕ್ಕೆ ಅರ್ಜಿ ಹಾಕಬಹುದು. ಇಲ್ಲಿಗೆ ಬಂದ ಮೇಲಾದರೆ ಅಂಚೆ ಕಚೇರಿಯಲ್ಲಿ ಅಲ್ಪ ಶುಲ್ಕ ಕೊಟ್ಟು ಮಾಡಿಸಬಹುದು. ಹೆಸರು, ಜನ್ಮದಿನಾಂಕ, ತಾಯಿಯ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆ ಅಕ್ಷರಶಃ ಇವೆಯೇ ಎಂದು ಕೌಂಟರ್ ಬಿಡುವ ಮುನ್ನವೇ ಓದಿ ನೋಡಿ. ಇಲ್ಲಿ ಸೇರಿಕೊಂಡ ತಪ್ಪು ಮುಂದಿನ ಎಲ್ಲ ದಾಖಲೆಗಳಿಗೂ ಹರಿದುಹೋಗುತ್ತದೆ.

ಹಂತ 3: ಫೆಡರಲ್ ಪೊಲೀಸ್ ನೋಂದಣಿ

ತಾತ್ಕಾಲಿಕ ವೀಸಾದ ಮೇಲೆ ಬಂದವರು ದೇಶ ಪ್ರವೇಶಿಸಿದ 90 ದಿನಗಳೊಳಗೆ ಫೆಡರಲ್ ಪೊಲೀಸ್ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿಯ ಬಳಿಕ ದೊರೆಯುವ ಸಂಖ್ಯೆಗೆ ಆರ್‌ಎನ್‌ಎಂ ಎಂದೂ, ಕಾರ್ಡ್‌ಗೆ ಸಿಆರ್‌ಎನ್‌ಎಂ ಎಂದೂ ಹೆಸರು. ವಿದೇಶಿಯರಿಗೆ ಇದೇ ಗುರುತಿನ ಚೀಟಿ. 90 ದಿನ ಎಂದರೆ ಬೇಕಾದಷ್ಟಾಯಿತು ಎಂದುಕೊಳ್ಳುವುದು ಹೊಸಬರು ಸಾಮಾನ್ಯವಾಗಿ ಎಡವುವ ಜಾಗ. ಭೇಟಿಯ ಸಮಯವನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು ಮತ್ತು ಅದು ಕೇಳಿದ ದಿನ ಸಿಗುವುದಿಲ್ಲ, ಆದ್ದರಿಂದ ಬಂದ ವಾರದಲ್ಲೇ ಪ್ರಯತ್ನ ಆರಂಭಿಸಿ. ಗಡುವು ಮೀರಿದರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ.

ಶುಲ್ಕವನ್ನು ಜಿಆರ್‌ಯು ಎಂಬ ಸರ್ಕಾರಿ ಚಲನ್ ಮೂಲಕ ಕಟ್ಟಬೇಕು. ಕಟ್ಟಿದ ರಸೀದಿ ಜೊತೆಗಿರಲಿ. ನೋಂದಣಿಯ ದಿನ ಕೊಡುವ ‘ಪ್ರೊಟೊಕೋಲೊ’ ಎಂಬ ಸ್ವೀಕೃತಿ ಪತ್ರ ಕಾರ್ಡ್ ಬರುವವರೆಗೆ ಅದರ ಬದಲಿಗೆ ನಡೆಯುತ್ತದೆ. ಗಂಡ, ಹೆಂಡತಿ, ಮಕ್ಕಳು ಎಲ್ಲರಿಗೂ ಬೇರೆ ಬೇರೆ ನೋಂದಣಿ ಆಗಬೇಕು. ಕೂಸಿಗೂ ಆಗಬೇಕು.

ಹಂತ 4: ಬಾಡಿಗೆ ಮನೆ

ಜಾಹೀರಾತಿನಲ್ಲಿ ಕಾಣುವ ‘ಅಲುಗೆಲ್’ ಬರೀ ಬಾಡಿಗೆ. ಅದರ ಮೇಲೆ ‘ಕೊಂಡೊಮಿನಿಯೊ’ ಎಂಬ ಕಟ್ಟಡದ ನಿರ್ವಹಣಾ ವೆಚ್ಚ, ‘ಐಪಿಟಿಯು’ ಎಂಬ ಆಸ್ತಿ ತೆರಿಗೆ, ಬಳಿಕ ವಿದ್ಯುತ್, ಅನಿಲ, ಇಂಟರ್ನೆಟ್ ಸೇರುತ್ತವೆ. ಈಜುಕೊಳ, ಕಾವಲು, ಲಿಫ್ಟುಗಳಿರುವ ಕಟ್ಟಡಗಳಲ್ಲಿ ಕೊಂಡೊಮಿನಿಯೊ ಮೊತ್ತವೇ ದೊಡ್ಡದಾಗಿ, ಅಗ್ಗವೆಂದು ಕಂಡ ಮನೆ ದುಬಾರಿಯಾಗುವುದುಂಟು. ಒಟ್ಟು ಎಷ್ಟು ಎಂದು ಕೇಳದೆ ಮನೆ ನೋಡಲು ಹೋಗಬೇಡಿ.

ಮನೆಯೊಡೆಯರು ಸಾಮಾನ್ಯವಾಗಿ ಕೇಳುವ ಭದ್ರತೆ ಮೂರು ಬಗೆಯದು. ‘ಫಿಯಾದೋರ್’ ಎಂದರೆ ಸ್ಥಳೀಯವಾಗಿ ಸ್ವಂತ ಆಸ್ತಿಯುಳ್ಳ ಜಾಮೀನುದಾರ. ಹೊಸಬರಿಗೆ ಇದು ಸಿಗುವುದು ಕಷ್ಟ. ‘ಕೌಸಾವೊ’ ಎಂದರೆ ಮುಂಗಡ ಠೇವಣಿ. 1991ರ ಬಾಡಿಗೆ ಕಾಯ್ದೆ ನಗದು ಠೇವಣಿಯನ್ನು ಮೂರು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ, ಹಾಗಾಗಿ ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದೊಂದು ನೆಮ್ಮದಿ. ‘ಸೆಗೂರೊ ಫಿಯಾನ್ಸ’ ಎಂದರೆ ಜಾಮೀನಿನ ಬದಲು ವಿಮೆ. ಇದರ ಕಂತು ಹಿಂದಿರುಗುವುದಿಲ್ಲ. ಒಂದೇ ಕರಾರಿಗೆ ಎರಡು ಬಗೆಯ ಭದ್ರತೆ ಕೇಳುವುದು ಕಾನೂನಿಗೆ ವಿರುದ್ಧ ಎಂಬುದು ನಿಮಗೆ ತಿಳಿದಿರಲಿ. ಕ್ವಿಂಟೊ ಅಂದಾರ್‌ನಂತಹ ಆನ್‌ಲೈನ್ ವೇದಿಕೆಗಳಲ್ಲಿ ಫಿಯಾದೋರ್ ಇಲ್ಲದೆಯೇ ಮನೆ ಸಿಗುತ್ತದೆ.

ಕರಾರು ಸಾಮಾನ್ಯವಾಗಿ 30 ತಿಂಗಳದ್ದು. ಅವಧಿಗೆ ಮುನ್ನ ಬಿಟ್ಟರೆ ಉಳಿದ ಅವಧಿಗೆ ಅನುಗುಣವಾಗಿ ದಂಡ ಕಟ್ಟಬೇಕಾಗುತ್ತದೆ. ಆದರೆ ಅದೇ ಕಾಯ್ದೆಯ ಪ್ರಕಾರ, ಉದ್ಯೋಗದಾತರೇ ನಿಮ್ಮನ್ನು ಬೇರೆ ಊರಿಗೆ ವರ್ಗ ಮಾಡಿದಾಗ, ಕನಿಷ್ಠ 30 ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಟ್ಟರೆ ದಂಡವಿಲ್ಲ. ಪ್ರಾಜೆಕ್ಟ್ ಮುಗಿದು ಹಠಾತ್ತನೆ ಹಿಂದಿರುಗಬೇಕಾಗುವ ಐಟಿ ಉದ್ಯೋಗಿಗಳಿಗೆ ಇದು ದೊಡ್ಡ ರಕ್ಷಣೆ. ಕಂಪನಿಯಿಂದ ವರ್ಗಾವಣೆ ಪತ್ರ ಕೇಳಿ ಪಡೆಯಿರಿ.

ಬೀಗದ ಕೈ ಪಡೆಯುವಾಗ ‘ವಿಸ್ತೋರಿಯ’ ಎಂಬ ತಪಾಸಣಾ ವರದಿ ಕೊಡುತ್ತಾರೆ. ಗೋಡೆಯ ಮೊಳೆ ತೂತು, ನೆಲದ ಗೀರು, ಸೋರುವ ನಲ್ಲಿ ಎಲ್ಲವೂ ಅದರಲ್ಲಿ ದಾಖಲಾಗಿರಬೇಕು. ದಾಖಲಾಗದ ದೋಷಗಳು ಮನೆ ಬಿಡುವಾಗ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಮೊದಲ ದಿನವೇ ಫೋಟೊ ತೆಗೆದು, ವರದಿಯಲ್ಲಿ ಬಿಟ್ಟುಹೋದದ್ದನ್ನು ಬರಹದಲ್ಲಿ ತಿಳಿಸಿ.

ಬಡಾವಣೆಯ ಆಯ್ಕೆಯಲ್ಲಿ ಮೆಟ್ರೊ ಮುಖ್ಯವಾಗಲಿ. ವಿಲಾ ಮರಿಯಾನ, ಮೊಯೆಮ, ಬ್ರೂಕ್ಲಿನ್ ಕಡೆ ಮೆಟ್ರೊ ಹತ್ತಿರವಿದೆ. ಕಚೇರಿ ಬೆರಿನಿ ಅಥವಾ ವಿಲಾ ಒಲಿಂಪಿಯದಲ್ಲಿದ್ದರೆ ಪಿನ್ಯೇರೋಸ್ ನದಿಯ ಪಕ್ಕದಲ್ಲಿ ಓಡುವ 9ನೇ ಮಾರ್ಗದ ರೈಲು ಅನುಕೂಲ. ಕೆಲವು ಐಟಿ ಕಚೇರಿಗಳು ನಗರದ ಹೊರಗಿನ ಆಲ್ಫಾವಿಲ್‌ನಲ್ಲಿವೆ, ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಕಚೇರಿಯ ವಿಳಾಸವನ್ನು ಖಚಿತಪಡಿಸಿಕೊಳ್ಳಿ.

ಮನೆಗೆ ಹೋದ ಕೂಡಲೇ ವಿದ್ಯುತ್ ಬಿಲ್ಲನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ‘ಕೊಂಪ್ರೊವಾಂಚಿ ಜಿ ರೆಸಿಡೆನ್ಸಿಯ’, ಅಂದರೆ ವಿಳಾಸದ ಪುರಾವೆ ಎಂದು ಎಲ್ಲರೂ ಕೇಳುವುದು ಇತ್ತೀಚಿನ ಇಂತಹ ಬಿಲ್ಲನ್ನೇ. ದಂಪತಿಗಳಾದರೆ ವಿದ್ಯುತ್ ಒಬ್ಬರ ಹೆಸರಿನಲ್ಲಿ, ಇಂಟರ್ನೆಟ್ ಇನ್ನೊಬ್ಬರ ಹೆಸರಿನಲ್ಲಿ ಇರಲಿ. ಯಾವ ಬಿಲ್ಲೂ ತನ್ನ ಹೆಸರಿನಲ್ಲಿಲ್ಲದೆ ಸ್ವಂತ ಖಾತೆಯನ್ನೂ ತೆರೆಯಲಾಗದ ಪರಿಸ್ಥಿತಿ ಜೊತೆಗೆ ಬಂದ ಸಂಗಾತಿಗೆ ಬರಬಾರದು ಎಂಬುದು ನನ್ನ ಕಳಕಳಿ.

ಹಂತ 5: ವಿದ್ಯುತ್, ಬಿಸಿನೀರು ಮತ್ತು ನಿಮ್ಮ ಮಿಕ್ಸಿ

ಸಾವೊ ಪಾಲೊ ನಗರದ ಮನೆಗಳ ಸಾಮಾನ್ಯ ಸಾಕೆಟ್‌ಗಳಲ್ಲಿ ಬರುವುದು 127 ವೋಲ್ಟ್. ಭಾರತದ 230 ವೋಲ್ಟ್‌ನ ಮಿಕ್ಸಿ, ಗ್ರೈಂಡರ್ ಇದರಲ್ಲಿ ಸರಿಯಾಗಿ ತಿರುಗುವುದಿಲ್ಲ. ಬಹುತೇಕ ಮನೆಗಳಿಗೆ ಎರಡು ಫೇಸ್ ಬರುವುದರಿಂದ ಎಲೆಕ್ಟ್ರಿಷಿಯನ್ ಅಡುಗೆಮನೆಗೆ ಒಂದು 220 ವೋಲ್ಟ್ ಸಾಕೆಟ್ ಎಳೆದುಕೊಡಬಲ್ಲರು, ಮನೆಯೊಡೆಯರ ಒಪ್ಪಿಗೆ ಪಡೆದು ಮಾಡಿಸಿ. ಎಚ್ಚರ ವಹಿಸಬೇಕಾದ ಸಂಗತಿಯೆಂದರೆ, ಎರಡೂ ವೋಲ್ಟೇಜಿಗೆ ಸಾಕೆಟ್‌ನ ಆಕಾರ ಒಂದೇ. ಇಲ್ಲಿ ಕೊಂಡ 127 ವೋಲ್ಟ್‌ನ ಉಪಕರಣವನ್ನು ತಪ್ಪಿ 220ಕ್ಕೆ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಪ್ರತಿ ಸಾಕೆಟ್‌ಗೂ ಚೀಟಿ ಅಂಟಿಸಿಡಿ. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಇಲ್ಲಿ ಹಿಡಿಸದು, ಅಡಾಪ್ಟರ್ ಬೇಕು. ಫೋನ್, ಲ್ಯಾಪ್‌ಟಾಪ್‌ಗಳ ಚಾರ್ಜರ್‌ಗಳಿಗೆ ವೋಲ್ಟೇಜಿನ ತೊಂದರೆಯಿಲ್ಲ.

ಬಚ್ಚಲಿನಲ್ಲಿ ಗೀಸರ್ ಹುಡುಕಬೇಡಿ. ಹೆಚ್ಚಿನ ಮನೆಗಳಲ್ಲಿರುವುದು ‘ಶುವೇರೊ ಎಲೆಟ್ರಿಕೊ’: ನೀರು ಕಾಯಿಸುವ ಸುರುಳಿ ಶವರಿನ ತಲೆಯೊಳಗೇ ಇರುತ್ತದೆ. ಅದರ ಮೇಲಿನ ಗುಂಡಿಯಲ್ಲಿ ‘ವೆರಾವೊ’ (ಬೇಸಿಗೆ), ‘ಇನ್ವೆರ್ನೊ’ (ಚಳಿಗಾಲ) ಎಂದು ಬರೆದಿರುತ್ತದೆ. ನೀರು ಹರಿಯುತ್ತಿರುವಾಗ ಆ ಗುಂಡಿಯನ್ನು ತಿರುಗಿಸಬಾರದು. ನಲ್ಲಿ ನಿಲ್ಲಿಸಿ, ಬದಲಾಯಿಸಿ, ಮತ್ತೆ ತೆರೆಯಬೇಕು. ನೀರು ಇನ್ನೂ ಬಿಸಿಯಾಗಬೇಕಿದ್ದರೆ ಹರಿವನ್ನು ಕಡಿಮೆ ಮಾಡಿ. ಇಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ, ಮನೆಗಳಲ್ಲಿ ಹೀಟರ್ ವ್ಯವಸ್ಥೆ ಇರುವುದಿಲ್ಲ, ಸ್ವೆಟರ್ ಮತ್ತು ರಗ್ಗು ಬೇಕಾಗುತ್ತವೆ.

ಹಂತ 6: ಬ್ಯಾಂಕ್, ಪಿಕ್ಸ್, ತೆರಿಗೆ

ಸಿಪಿಎಫ್, ಆರ್‌ಎನ್‌ಎಂ ಮತ್ತು ವಿಳಾಸದ ಪುರಾವೆ ಮೂರೂ ಕೈಯಲ್ಲಿದ್ದರೆ ಖಾತೆ ತೆರೆಯುವುದು ಸುಲಭ. ಖಾತೆಯಾದ ಮೇಲೆ ‘ಪಿಕ್ಸ್’ ಬಳಸಿ. ಬ್ರೆಜಿಲ್‌ನ ಕೇಂದ್ರ ಬ್ಯಾಂಕ್ 2020ರ ನವೆಂಬರ್‌ನಲ್ಲಿ ಆರಂಭಿಸಿದ ಈ ಹಣ ಪಾವತಿ ವ್ಯವಸ್ಥೆ, ಯುಪಿಐ ಬಲ್ಲವರಿಗೆ ತಾನಾಗಿಯೇ ಅರ್ಥವಾಗುತ್ತದೆ. ಬಾಡಿಗೆ ಮತ್ತು ಬಿಲ್ಲುಗಳು ‘ಬೊಲೇಟೊ’ ಎಂಬ ಬಾರ್‌ಕೋಡ್ ಇರುವ ಚಲನ್ ರೂಪದಲ್ಲಿ ಬರುವುದೂ ಉಂಟು. ನಕಲಿ ಬೊಲೇಟೊ ಕಳುಹಿಸುವ ವಂಚಕರಿದ್ದಾರೆ, ಹಣ ಕಟ್ಟುವ ಮುನ್ನ ಪರದೆಯ ಮೇಲೆ ಕಾಣುವ ಹಣ ಪಡೆಯುವವರ ಹೆಸರನ್ನು ಓದಿ.

ಉದ್ಯೋಗ ಕರಾರಿನೊಂದಿಗೆ ತಾತ್ಕಾಲಿಕ ವೀಸಾದಲ್ಲಿ ಬಂದವರನ್ನು ಕಾಲಿಟ್ಟ ದಿನದಿಂದಲೇ ಬ್ರೆಜಿಲ್‌ನ ತೆರಿಗೆ ನಿವಾಸಿಗಳೆಂದು ಪರಿಗಣಿಸಲಾಗುತ್ತದೆ. ಅಂದರೆ ಭಾರತದಲ್ಲಿರುವ ಮನೆಯ ಬಾಡಿಗೆ, ಠೇವಣಿಯ ಬಡ್ಡಿಯನ್ನೂ ಇಲ್ಲಿ ತೋರಿಸಬೇಕಾಗುತ್ತದೆ. ಎರಡು ದೇಶಗಳ ನಡುವೆ 1988ರಲ್ಲಿ ಸಹಿಯಾದ ಎರಡು ಪಟ್ಟು ತೆರಿಗೆ ತಡೆ ಒಪ್ಪಂದವಿದೆ, ಆದರೂ ಮೊದಲ ವರ್ಷದ ಲೆಕ್ಕಪತ್ರವನ್ನು ‘ಕೊಂಟಾದೋರ್’, ಅಂದರೆ ಲೆಕ್ಕಿಗರ ಕೈಯಲ್ಲಿ ಮಾಡಿಸುವುದೇ ಸರಿ. ಭಾರತದ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಯಾಗಿ ಬದಲಿಸಬೇಕೆಂಬ ನಿಯಮವನ್ನೂ ಮರೆಯಬೇಡಿ.

ಹಂತ 7: ಅಡುಗೆ ಮತ್ತು ಸಂತೆ

ಪ್ರತಿ ಬಡಾವಣೆಯಲ್ಲಿ ವಾರದ ಗೊತ್ತಾದ ದಿನ ಒಂದು ಬೀದಿಯನ್ನು ಮುಚ್ಚಿ ‘ಫೇರ ಲೀವ್ರಿ’ ಎಂಬ ಸಂತೆ ನಡೆಯುತ್ತದೆ. ಅಲ್ಲಿ ಕಿಯಾಬೊ ಎಂದರೆ ಬೆಂಡೆಕಾಯಿ, ಶುಶು ಎಂದರೆ ಸೀಮೆಬದನೆ, ಬೆರಿಂಜೆಲ ಎಂದರೆ ಬದನೆ, ಮಂಜಿಯೋಕ ಎಂದರೆ ಮರಗೆಣಸು, ಕೊಎಂಟ್ರೊ ಎಂದರೆ ಕೊತ್ತಂಬರಿ. ಹಲಸು, ತೆಂಗಿನಕಾಯಿ, ಹುಣಸೆಯೂ ಈ ದೇಶದಲ್ಲಿ ಸಿಗುತ್ತವೆ. ಬೆಳಗಿನ ಹೊತ್ತು ಒಳ್ಳೆಯ ಮಾಲು, ಮಧ್ಯಾಹ್ನ ಅಂಗಡಿ ಎತ್ತುವ ಹೊತ್ತಿಗೆ ‘ಶೇಪ’ ಎಂಬ ಇಳಿಬೆಲೆಯ ಮಾರಾಟ. ಸಂತೆಯ ತುದಿಯಲ್ಲಿ ಕಬ್ಬಿನಹಾಲು, ಅದರ ಪಕ್ಕದಲ್ಲಿ ‘ಪಸ್ತೆಲ್’ ಎಂಬ ಕರಿದ ತಿಂಡಿ ಮಾರುತ್ತಾರೆ. ಚೀಸ್ ತುಂಬಿದ್ದನ್ನು ಕೇಳಿದರೂ ಮಾಂಸದ ಪಸ್ತೆಲ್ ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುತ್ತಾರೆ ಎಂಬುದು ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ತಿಳಿದಿರಬೇಕು.

ಊರಿಂದ ಬಂದವರು ಹೆಚ್ಚಾಗಿ ಕಾಣದೆ ಹೋಗುವ ಜಾಗ ‘ಕಾಜ ದೊ ನೋರ್ಚಿ’. ಬ್ರೆಜಿಲ್‌ನ ಈಶಾನ್ಯ ಭಾಗದಿಂದ ವಲಸೆ ಬಂದವರ ಆಹಾರ ಪದಾರ್ಥಗಳನ್ನು ಮಾರುವ ಇಂತಹ ಅಂಗಡಿಗಳು ನಗರದುದ್ದಕ್ಕೂ ಇವೆ. ಅಲ್ಲಿ ‘ರಪದೂರ’ ಎಂದು ಅಚ್ಚುಬೆಲ್ಲ ಸಿಗುತ್ತದೆ, ‘ಮಂಟೇಗ ಜಿ ಗರ್ರಾಫ’ ಎಂದು ತುಪ್ಪಕ್ಕೆ ಬಹಳ ಹತ್ತಿರವಾದ ಕಾಯಿಸಿದ ಬೆಣ್ಣೆ ಸಿಗುತ್ತದೆ, ‘ಫೇಜಾವೊ ಗುವಾಂಡು’ ಎಂದು ಇಡೀ ತೊಗರಿಕಾಳು ಸಿಗುತ್ತದೆ. ಸಾರಿಗೆ ಬೇಕಾದ ಬೇಳೆಯ ರೂಪದಲ್ಲಿ ತೊಗರಿ ಮತ್ತು ಉದ್ದು ಬೇಕೆಂದರೆ ಭಾರತೀಯ ದಿನಸಿ ಮಾರುವವರನ್ನೇ ಹುಡುಕಬೇಕು. ಮಸಾಲೆ, ಕಾಳುಗಳಿಗೆ ಬ್ರಾಸ್ ಸಮೀಪದ ‘ಜೋನ ಸೆರೆಯಲಿಸ್ತ’ ಎಂಬ ಸಗಟು ಪೇಟೆಗೆ ಹೋಗಿ. ಇಡ್ಲಿ, ದೋಸೆಗೆ ‘ಅರೋಸ್ ಪಾರ್ಬೊಯ್ಲಿಜಾದೊ’ ಎಂಬ ಕುಸುಬಲಕ್ಕಿ ಚೆನ್ನಾಗಿ ಹೊಂದುತ್ತದೆ. ಜುಲೈ ತಿಂಗಳ ಚಳಿಯಲ್ಲಿ ಹಿಟ್ಟು ಹುದುಗಲು ಹೆಚ್ಚು ಹೊತ್ತು ಬೇಕು. ಕರಿಬೇವಿನ ಗಿಡ, ಬಿತ್ತನೆ ಬೀಜ, ಹಣ್ಣು ಹಂಪಲುಗಳನ್ನು ಸೂಟ್‌ಕೇಸಿನಲ್ಲಿ ತರಬೇಡಿ, ವಿಮಾನ ನಿಲ್ದಾಣದ ಕೃಷಿ ತಪಾಸಣೆಯಲ್ಲಿ ವಶಪಡಿಸಿಕೊಳ್ಳುತ್ತಾರೆ.

ಹೊರಗೆ ಊಟ ಮಾಡುವಾಗ ‘ಸೇಯ್ಂ ಕಾರ್ನಿ’ (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು. ಕಾರ್ನಿ ಎಂದರೆ ದನದ ಮಾಂಸ ಎಂದೇ ಹಲವರು ತಿಳಿಯುವುದರಿಂದ ತಟ್ಟೆಯಲ್ಲಿ ಕೋಳಿಯೋ ಹ್ಯಾಮ್ ಚೂರುಗಳೋ ಬರಬಹುದು. ‘ನೇಯ್ಂ ಫ್ರಾಂಗೊ, ನೇಯ್ಂ ಪೇಶಿ, ನೇಯ್ಂ ಪ್ರೆಜುಂಟೊ, ನೇಯ್ಂ ಬೇಕನ್’ ಎಂದು ಕೋಳಿ, ಮೀನು, ಹ್ಯಾಮ್, ಬೇಕನ್ ಎಲ್ಲವನ್ನೂ ಹೆಸರಿಸಿ ಹೇಳಿ. ಅನ್ನದ ಜೊತೆ ಬಡಿಸುವ ರಾಜ್ಮಾದಂತಹ ಫೇಜಾವೊ ಕಾಳಿನ ಸಾರನ್ನು ಎಷ್ಟೋ ಕಡೆ ಹಂದಿಮಾಂಸದ ತುಂಡು ಹಾಕಿ ಬೇಯಿಸುತ್ತಾರೆ, ಪ್ರತಿ ಸಲವೂ ವಿಚಾರಿಸಿ. ‘ಪಾವೊ ಜಿ ಕೇಜೊ’ ಎಂಬ ಚೀಸ್ ಉಂಡೆಯಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ತೂಕದ ಲೆಕ್ಕದಲ್ಲಿ ಬಡಿಸಿಕೊಳ್ಳುವ ‘ಪೊರ್ ಕೀಲೊ’ ಹೋಟೆಲುಗಳಲ್ಲಿ ತರಕಾರಿ, ಅನ್ನ, ಸಲಾಡ್‌ಗಳನ್ನು ಕಣ್ಣಾರೆ ನೋಡಿ ಆರಿಸಿಕೊಳ್ಳಬಹುದಾದ್ದರಿಂದ ಕಚೇರಿಯ ಮಧ್ಯಾಹ್ನದ ಊಟಕ್ಕೆ ಅವೇ ಉತ್ತಮ.

ಹಂತ 8: ಆರೋಗ್ಯ, ಶಾಲೆ, ಭಾಷೆ, ಓಡಾಟ

‘ಸೂಸ್’ ಎಂಬ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ದೇಶದಲ್ಲಿರುವ ವಿದೇಶಿಯರಿಗೂ ಉಚಿತ. ನಿಮ್ಮ ಬಡಾವಣೆಯ ‘ಯುಬಿಎಸ್’ ಆರೋಗ್ಯ ಕೇಂದ್ರದಲ್ಲಿ ಮೊದಲೇ ಹೆಸರು ನೋಂದಾಯಿಸಿ, ಮಕ್ಕಳ ಲಸಿಕೆಗಳೆಲ್ಲ ಅಲ್ಲೇ ಆಗುತ್ತವೆ. ಖಾಸಗಿ ವಿಮೆಯಲ್ಲಿ ‘ಕರೆನ್ಸಿಯ’ ಎಂಬ ಕಾಯುವ ಅವಧಿ ಇರುತ್ತದೆ: ಹೆರಿಗೆಗೆ 300 ದಿನಗಳವರೆಗೆ, ಇತರ ಹಲವು ಚಿಕಿತ್ಸೆಗಳಿಗೆ 180 ದಿನಗಳವರೆಗೆ. ಕನಿಷ್ಠ 30 ಮಂದಿಯಿರುವ ಕಂಪನಿಯ ಗುಂಪು ವಿಮೆಗೆ ಅರ್ಹರಾದ 30 ದಿನಗಳೊಳಗೆ ಸೇರಿದರೆ ಈ ಅವಧಿ ಅನ್ವಯವಾಗುವುದಿಲ್ಲ. ಗರ್ಭಿಣಿಯರಿರುವ ಕುಟುಂಬಗಳು ಈ ಗಡುವನ್ನು ತಪ್ಪಿಸಿಕೊಳ್ಳಲೇಬಾರದು. ಇಲ್ಲಿ ಹುಟ್ಟಿದ ಮಗುವಿಗೆ ಬ್ರೆಜಿಲ್ ಪೌರತ್ವ ಬರುತ್ತದೆ, ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಆದ್ದರಿಂದ ಮಗುವಿಗೆ ಯಾವುದೇ ಪಾಸ್‌ಪೋರ್ಟ್ ತೆಗೆಸುವ ಮುನ್ನ ಅವೆನಿದ ಪೌಲಿಸ್ತದಲ್ಲಿರುವ ಭಾರತೀಯ ಕಾನ್ಸುಲೇಟ್‌ನಲ್ಲಿ ವಿಚಾರಿಸಿ. ಜನನದ ನೋಂದಣಿಗೆ ಅಲ್ಲಿ ಒಂದು ವರ್ಷದ ಗಡುವಿದೆ.

ಶಾಲಾ ವರ್ಷ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ. ಒಂದನೇ ತರಗತಿಗೆ ಆ ವರ್ಷದ ಮಾರ್ಚ್ 31ಕ್ಕೆ ಆರು ತುಂಬಿರಬೇಕು.

ಇಂಗ್ಲಿಷ್ ಕಚೇರಿಯ ಬಾಗಿಲಲ್ಲೇ ನಿಲ್ಲುತ್ತದೆ. ‘ಪೋರ್ತಸ್ ಅಬೆರ್ತಸ್’ ಎಂಬ ಹೆಸರಿನಲ್ಲಿ ನಗರಾಡಳಿತ ವಲಸಿಗರಿಗೆ ಉಚಿತ ಪೋರ್ಚುಗೀಸ್ ತರಗತಿಗಳನ್ನು ನಡೆಸುತ್ತದೆ, ಮನೆಯಲ್ಲಿರುವ ಸಂಗಾತಿಗಳು ಮೊದಲ ಅವಕಾಶದಲ್ಲೇ ಸೇರಿಕೊಳ್ಳಿ. ಬಸ್ಸು, ಮೆಟ್ರೊ ಎರಡಕ್ಕೂ ‘ಬಿಲ್ಯೆಚಿ ಊನಿಕೊ’ ಕಾರ್ಡ್ ನಡೆಯುತ್ತದೆ. ನಗರದ ಬಸ್ಸುಗಳಲ್ಲಿ 2023ರ ಡಿಸೆಂಬರ್‌ನಿಂದ ಭಾನುವಾರದ ಪ್ರಯಾಣ ಉಚಿತವಾಗಿದೆ.

ರಸ್ತೆ ಬದಿಯಲ್ಲಿ ನಿಂತು ಫೋನ್ ನೋಡಬೇಡಿ. ಸೈಕಲ್, ಬೈಕ್‌ಗಳಲ್ಲಿ ಬಂದು ಕಿತ್ತುಕೊಂಡು ಹೋಗುವುದು ಇಲ್ಲಿನ ದೊಡ್ಡ ಪಿಡುಗು. ವಿಳಾಸ ನೋಡಬೇಕಿದ್ದರೆ ಅಂಗಡಿಯೊಳಗೆ ಹೋಗಿ ನೋಡಿ. ಬ್ಯಾಂಕ್ ಆ್ಯಪ್‌ಗಳೆಲ್ಲ ಅದರಲ್ಲೇ ಇರುವುದರಿಂದ ಪಿಕ್ಸ್‌ನ ದೈನಿಕ ಮಿತಿಯನ್ನು ಕಡಿಮೆ ಇಡಿ, ಫೋನಿನ ಐಎಂಇಐ ಎಂಬ ಗುರುತಿನ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಿ. ಕಳೆದುಕೊಂಡರೆ ‘ಬೊಲೆಚಿಂ ಜಿ ಒಕೊರೆನ್ಸಿಯ’ ಎಂಬ ದೂರನ್ನು ಆನ್‌ಲೈನ್‌ನಲ್ಲೇ ದಾಖಲಿಸಬಹುದು. ಎದುರು ನಿಂತು ಕೇಳಿದರೆ ಕೊಟ್ಟುಬಿಡಿ, ಪ್ರತಿರೋಧಿಸಬೇಡಿ. ಪೊಲೀಸರಿಗೆ 190, ಆಂಬುಲೆನ್ಸಿಗೆ 192, ಅಗ್ನಿಶಾಮಕ ದಳಕ್ಕೆ 193.

ಹಂತ 9: ಹಿಂದಿರುಗುವಾಗ

ಮನೆಯೊಡೆಯರಿಗೆ 30 ದಿನಗಳ ಲಿಖಿತ ಸೂಚನೆ, ವಿಸ್ತೋರಿಯಕ್ಕೆ ಹೊಂದಿಸಿ ಗೋಡೆಗೆ ಬಣ್ಣ, ಬಿಲ್ಲುಗಳ ಹೆಸರು ಬದಲಾವಣೆ, ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ‘ಸಾಯೀದ ದೆಫಿನಿಚೀವ’, ಅಂದರೆ ದೇಶವನ್ನು ಶಾಶ್ವತವಾಗಿ ಬಿಟ್ಟಿದ್ದೇನೆಂದು ತೆರಿಗೆ ಇಲಾಖೆಗೆ ಕೊಡಬೇಕಾದ ಮಾಹಿತಿ. ಇದನ್ನು ಕೊಡದೆ ಹೋದವರನ್ನು ಇಲಾಖೆ ಇನ್ನೂ ಒಂದು ವರ್ಷ ನಿವಾಸಿಗಳೆಂದೇ ಪರಿಗಣಿಸಿ, ಬೆಂಗಳೂರಿನಲ್ಲಿ ಗಳಿಸಿದ ಸಂಬಳಕ್ಕೂ ಲೆಕ್ಕ ಕೇಳಬಹುದು. ಮೊದಲ ಸೂಚನೆಯನ್ನು ಹೊರಟ ಮರುವರ್ಷದ ಫೆಬ್ರವರಿ ಕೊನೆಯೊಳಗೆ ಸಲ್ಲಿಸಬೇಕು, ಆಮೇಲೆ ಅಂತಿಮ ತೆರಿಗೆ ವಿವರವನ್ನು ಅದೇ ಲೆಕ್ಕಿಗರ ಮೂಲಕ ಕೊಡಿಸಿ. ಬಾಡಿಗೆ ಠೇವಣಿ ಮತ್ತು ಕೊನೆಯ ಸಂಬಳ ಜಮೆಯಾಗುವವರೆಗೆ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಬ್ಯಾಂಕಿನ ಸಂದೇಶಗಳು ಬರುವ ಬ್ರೆಜಿಲ್ ಫೋನ್ ಸಂಖ್ಯೆಯನ್ನೂ ಅಲ್ಲಿಯವರೆಗೆ ಚಾಲ್ತಿಯಲ್ಲಿಡಿ.